ಅಯಾನೀಕರಣ ಶಕ್ತಿ

ಆವರ್ತಕೋಷ್ಟಕದಲ್ಲಿ ನಿಯಾನ್ ಅನಿಲವು 10ನೆಯ ಮೂಲವಸ್ತು, ಸೋಡಿಯಂ ಲೋಹವು 11ನೆಯದು. ಇವು ನೆರೆಹೊರೆಯವಾದರೂ ಇವುಗಳ ಸ್ವಭಾವಕ್ಕೆ ಅಜಗಜಾಂತರವುಂಟು. ನಿಯಾನ್ ಯಾವುದರೊಡನೆಯೂ ಸಂಯೋಗ ಹೊಂದದು. ಸೋಡಿಯಮ್ಮನ್ನಾದರೋ ಸೀಮೆಎಣ್ಣೆಯಲ್ಲಿ ಮುಳುಗಿಸಿಡದಿದ್ದರೆ ಗಾಳಿಯಲ್ಲಿಯೇ ಕೆಟ್ಟುಹೋಗುವುದು. ಇದರ ಕಾರಣವನ್ನು ನಾವು ಇಲ್ಲಿ ವಿಚಾರಿಸೋಣ.

ಪರಮಾಣುವಿನ ನಡುವಣ ಬೀಜವು ಧನವಿದ್ಯುತ್ತುಳ್ಳದ್ದು. ಅದರ ಸುತ್ತಲೂ ಋಣವಿದ್ಯುತ್ತಿನ ಎಲೆಕ್ಟ್ರಾನುಗಳು ಕವಚಕವಚಗಳಾಗಿರುವುವು. ಅನಿಲರೂಪದ ಪರಮಾಣುವೊಂದರಿಂದ ಅತ್ಯಂತ ಸಡಿಲವಾಗಿರುವ ಎಲೆಕ್ಟ್ರಾನನ್ನು ಬಿಡಿಸಲು ಬೇಕಾಗುವ ಶಕ್ತಿಗೆ ಅಯಾನೀಕರಣ ಶಕ್ತಿಯೆಂದು ಹೆಸರು. ಇದನ್ನು ಎಲೆಕ್ಟ್ರಾನ್‌ವೋಲ್ಟುಗಳಲ್ಲಿ ಅಳೆಯುವರು. ನಿಯಾನಿಗೆ ಇದು 21.6, ಸೋಡಿಯಮ್ಮಿಗೆ ಬರಿಯ 5.1. ನಿಯಾನಿನ ಹೊರಕವಚವು ತುಂಬಿರುವುದು. ಸೋಡಿಯಮ್ಮಿನ ಕಡೆಯ ಎಲೆಕ್ಟ್ರಾನಾದರೋ ಹೊಸ ಕವಚದಲ್ಲಿ ಒಂಟಿಯಾಗಿ, ಬೀಜಕ್ಕೆ ದೂರವಾಗಿರುವುದು. ಒಳಗಿನ ಹತ್ತು ಎಲೆಕ್ಟ್ರಾನುಗಳು ಬೀಜದ ಆಕರ್ಷಣೆಯನ್ನು ಅದಕ್ಕೆ ಮರೆಮಾಡುವುವು.

ಇದರಿಂದ ಎರಡು ನಿಯಮಗಳು ವಿದಿತವಾಗುವುವು. ಕಂಬಸಾಲಿನಲ್ಲಿ ಕೆಳಗಿಳಿದಂತೆ ಕವಚಗಳು ಹೆಚ್ಚುವುದರಿಂದ ಈ ಶಕ್ತಿಯು ಸಾಮಾನ್ಯವಾಗಿ ಕುಗ್ಗುವುದು: ಲಿಥಿಯಂ 5.4, ಪೊಟ್ಯಾಸಿಯಂ 4.3, ಸೀಸಿಯಂ 3.9. ಅಡ್ಡಸಾಲಿನಲ್ಲಿ ಬಲಕ್ಕೆ ಹೋದಂತೆ ಬೀಜದ ವಿದ್ಯುತ್ತು ಬೆಳೆಯುವುದರಿಂದ ಇದು ಹೆಚ್ಚುವುದು. ಅಪವಾದವೂ ಉಂಟು: ನೈಟ್ರೋಜನ್ನಿಗೆ 14.5 ಇದ್ದರೆ ಅದರಾಚೆಯ ಆಕ್ಸಿಜನ್ನಿಗೆ 13.6 ಮಾತ್ರ. ಆಕ್ಸಿಜನ್ನಿನಲ್ಲಿ ಎರಡು ಎಲೆಕ್ಟ್ರಾನುಗಳು ಒಂದೇ ಕಕ್ಷಕದಲ್ಲಿ ಜೊತೆಗೂಡಿ ಪರಸ್ಪರ ತಳ್ಳುವುದೇ ಇದಕ್ಕೆ ಕಾರಣ.

ಈ ಅಂಕಿಗಳ ಪ್ರಯೋಜನವು ಆಕಾಶದವರೆಗೂ ವ್ಯಾಪಿಸಿದೆ. ಯಾವ ತಾಪದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಳ್ಳುವುವೆಂಬುದನ್ನು ಗಣಿಸುವ ಸಮೀಕರಣವನ್ನು ಮೇಘನಾದ ಸಾಹಾ ಅವರು 1920ರಲ್ಲಿ ಪ್ರಕಟಿಸಿದರು. ಅದನ್ನಾಧರಿಸಿ ನಕ್ಷತ್ರಗಳ ಬೆಳಕನ್ನು ಪರೀಕ್ಷಿಸಿದ ಸಿಸಿಲಿಯಾ ಪೇನ್ ಎಂಬ ತರುಣಿಯು, ಅವುಗಳಲ್ಲಿ ಹೈಡ್ರೋಜನ್ ಹೀಲಿಯಂಗಳೇ ಅತ್ಯಧಿಕವೆಂಬ ಫಲವನ್ನು 1925ರಲ್ಲಿ ಕಂಡಳು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ಲರು ಅದನ್ನು ನಂಬಲಿಲ್ಲ. ಆಕೆಯು ತನ್ನ ಪ್ರಬಂಧದಲ್ಲಿಯೇ ಆ ಫಲವು ನಿಜವಿರಲಾರದೆಂದು ಬರೆಯಬೇಕಾಯಿತು. 1929ರಲ್ಲಿ ರಸೆಲ್ಲರೇ ಬೇರೊಂದು ಮಾರ್ಗದಿಂದ ಅದೇ ನಿರ್ಣಯಕ್ಕೆ ಬಂದರು. 1956ರಲ್ಲಿ ಆಕೆಯು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿಯಾದಳು.

ಆದಕಾರಣ, ವಿದ್ಯಾರ್ಥಿನಿಯರೇ, ಕೋಷ್ಟಕವನ್ನು ಬರಿದೆ ಬಾಯಿಪಾಠ ಮಾಡದೆ, ಪ್ರತಿಯೊಂದು ಅಂಕಿಯ ಕಾರಣವನ್ನೂ ಕೇಳಿ ತಿಳಿಯಿರಿ. ಕಾರಣವನ್ನರಿತು ಮಾಡಿದ ಲೆಕ್ಕವನ್ನು, ದೊಡ್ಡವರು ಸಂದೇಹಿಸಿದರೆಂಬ ಮಾತ್ರಕ್ಕೆ ಅಳಿಸಿಹಾಕಬೇಡಿರಿ. ಮತ್ತೊಮ್ಮೆ ಮಾಡಿ ನೋಡಿರಿ.