ಬೂಸ್ಟರ್ ಪಂಪ್ ಯಾಕ ಟಕ್ ಟಕ್ ಅಂತೈತಿ?

ಮನ್ಯಾಗ ನಳ ಎಲ್ಲಾ ಬಂದ್ ಅದಾವ.
ಆದ್ರೂ ಮಾಳಗಿ ಮ್ಯಾಲ ಪಂಪ್
ಆನ್, ಆಫ್, ಆನ್, ಆಫ್.
ಯಾಕ್ರಿ?

ರೋಣ, ನರಗುಂದ, ಗಜೇಂದ್ರಗಡದ ಮಂದಿ, ಕೇಳ್ರಿ.
10 ಮೀಟರ್ ಎತ್ತರದ ನೀರು ಕೊಡೋದು ಸುಮಾರು 1 ಬಾರ್ ಒತ್ತಡ.
ಟಾಕಿ ಶವರ್‌ಗಿಂತ 2 ಮೀಟರ್ ಮ್ಯಾಲಿದ್ರ?
ಬರೇ 0.2 ಬಾರ್.
ಅದಕ್ಕ ಬೇಕು ಬೂಸ್ಟರ್.

ಮೊದಲ, ಪಂಪಿನಿಂದ ಮನಿಗೆ ಹೋಗೋ ಪೈಪಿನ ವಾಲ್ವ್ ಬಂದ್ ಮಾಡ್ರಿ.
ಪಂಪ್ ಸುಮ್ಮನಾತು?
ಸೋರಿಕಿ ಮನಿಯೊಳಗ ಐತಿ.
ಕಮೋಡಿನ ಫ್ಲಶ್ ಟ್ಯಾಂಕ್ ನೋಡ್ರಿ.
ಇನ್ನೂ ನಿಲ್ಲವಲ್ದು?
ನೀರು ಹಿಂದಕ್ಕ ಹೋಗದಂಗ ತಡಿಯೋ ನಾನ್ ರಿಟರ್ನ್ ವಾಲ್ವ್‌ನಾಗ ಕಸ ಸಿಕ್ಕಿರಬಹುದು.

ನಳ ಬಿಟ್ಟಾಗ ಟಕ್ ಟಕ್ ಅಂದ್ರ,
ಪಂಪಿನ ಪ್ರೆಶರ್ ಟ್ಯಾಂಕ್ ನೋಡ್ರಿ.
ಒಳಗ ರಬ್ಬರ್ ಚೀಲ, ಸುತ್ತ ಗಾಳಿ.
ಸೈಕಲ್ ಟ್ಯೂಬ್ ಇದ್ದಂಗ, ದಿನಾ ಕಳದಂಗ ಗಾಳಿ ಇಳಿತೈತಿ.
ಕರೆಂಟ್ ತಗೀರಿ.
ನಳ ಬಿಟ್ಟು ನೀರಿನ ಒತ್ತಡ ಇಳಸ್ರಿ.
ಆಮ್ಯಾಲ ಗಾಳಿ ಹೊಡೀರಿ.
ಪಂಪ್ ಆನ್ ಆಗೋ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮಿ ಇರಲಿ.
ಗಾಳಿ ವಾಲ್ವ್ ಒತ್ತಿದ್ರ ನೀರು ಚಿಮ್ಮತೈತೇನು?
ಚೀಲ ಹರದೈತಿ. ಬದಲಿ ಮಾಡಸ್ರಿ.

ಪಂಪ್ ತಿರಗತೈತಿ, ನೀರಿಲ್ಲ?
ಟಾಕಿ ಖಾಲಿ, ಜಾಳಿಗಿ ಕಟ್ಟೈತಿ,
ಇಲ್ಲಾಂದ್ರ ಪೈಪಿನಾಗ ಗಾಳಿ.

ಗುಂಯ್ ಅಂತೈತಿ, ತಿರಗವಲ್ದು?
ಗಪ್ಪನ ಬಂದ್ ಮಾಡ್ರಿ. ಸುಟ್ಟು ಹೋಗತೈತಿ.
ವೋಲ್ಟೇಜ್ ಕಡಿಮಿ ಇರಬಹುದು, ಕೆಪಾಸಿಟರ್ ಹೋಗಿರಬಹುದು.
ಕೆಪಾಸಿಟರ್ ಮುಟ್ಟಬ್ಯಾಡ್ರಿ,
ಕರೆಂಟ್ ತಗದ ಮ್ಯಾಲೂ ಶಾಕ್ ಹೊಡಿತೈತಿ.
ಎಲೆಕ್ಟ್ರಿಷಿಯನ್ ಕರೀರಿ.

ಕಡೀ ಮಾತು.
ಪುರಸಭೆ ನಳಕ್ಕ ಸೀದಾ ಪಂಪ್ ಹಚ್ಚಬ್ಯಾಡ್ರಿ.
ಒಡಕು ಪೈಪಿನಿಂದ ಗಟಾರದ ಹೊಲಸು ಒಳಗ ಎಳಕೊಂತೈತಿ.
ಸಂಪಿನಿಂದ, ಟಾಕಿಯಿಂದ ಅಷ್ಟ ಎಳೀರಿ.