ಸಾರ್ಸ್ ಎಂದರೇನು?

“ಹಕೀಮ್ ಸಾಹೇಬ್ರೇ, ಸಾರ್ಸ್ ಅಂದ್ರೆ ಕೊರೊನಾನೇನಾ?” ಎಂದು ಬೊಬ್ರುವಾಡದ ಹಿರಿಯರೊಬ್ಬರು ಕೇಳಿದರು. ನಿಮಗೂ ಈ ಸಂಶಯ ಇರಬಹುದು.

ಸಾರ್ಸ್ ಎಂಬುದು ‘ಸಿವಿಯರ್ ಅಕ್ಯೂಟ್ ರೆಸ್ಪಿರೇಟರಿ ಸಿಂಡ್ರೋಮ್’ ಎಂಬುದರ ಹ್ರಸ್ವರೂಪ. ಸಿವಿಯರ್ ಎಂದರೆ ತೀವ್ರ, ಅಕ್ಯೂಟ್, ತಟ್ಟನೆ ಬರುವ, ರೆಸ್ಪಿರೇಟರಿ, ಉಸಿರಾಟದ, ಸಿಂಡ್ರೋಮ್, ಒಟ್ಟಾಗಿ ಕಾಣುವ ರೋಗಲಕ್ಷಣಗಳು. 2003ರಲ್ಲಿ ಹಲವು ದೇಶಗಳಿಗೆ ಹರಡಿದ ಈ ಕಾಯಿಲೆಗೆ ಕಾರಣ ಒಂದು ಕೊರೊನಾ ವೈರಸ್. ಕೋವಿಡ್ ಬೇರೆ ಕಾಯಿಲೆ. ಆದರೆ ಅದರ ವೈರಸ್ ಹಳೆಯದರ ಹತ್ತಿರದ ಸಂಬಂಧಿ. ಅದಕ್ಕೇ ‘ಸಾರ್ಸ್-ಕೋವ್-2’ ಎಂಬ ಹೆಸರು.

ಹೆಸರಿನಲ್ಲೇ ಎಚ್ಚರಿಕೆಯಿದೆ: ಉಸಿರು. ಸಾಮಾನ್ಯ ನೆಗಡಿಗೆ ಜೋಶಾಂದಾ ಕುಡಿಯಿರಿ. ಜ್ವರ, ಕೆಮ್ಮಿನ ಜೊತೆ ಏದುಸಿರು ಬಂದರೆ ಮಾತ್ರ ಕಷಾಯ ನಂಬಿ ಮನೆಯಲ್ಲಿ ಕೂರಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಆಮ್ಲಜನಕ ಸಿಗುವ ಆಸ್ಪತ್ರೆಗೆ ತಕ್ಷಣ ಹೋಗಿ.