ಸಫಾರಿ ಸೀಟ್ ಸಿಗದಿದ್ರೂ ಹುಲಿ ಕಾಡೊಳಗೆ: ರಣಥಂಬೋರ್ ಕೋಟೆ

"ಸಫಾರಿ ಸೀಟ್ ಸಿಗ್ಲಿಲ್ಲ, ಹಂಗಾದ್ರೆ ರಣಥಂಬೋರ್‌ಗೆ ಹೋಗೋದೇ ವೇಸ್ಟಾ?" ಅಂತ ಕೆಲವರು ಕೇಳಿದ್ರಿ. ವೇಸ್ಟ್ ಅಲ್ಲ. ರಾಷ್ಟ್ರೀಯ ಉದ್ಯಾನದ ಒಳಗೇ, ಸುಮಾರು 700 ಅಡಿ ಎತ್ತರದ ಬಂಡೆ ಗುಡ್ಡದ ಮೇಲೆ ಹಳೇ ಕೋಟೆ ಇದೆ. ಅಲ್ಲಿಗೆ ಸಫಾರಿ ಬುಕಿಂಗ್ ಬೇಡ. ಸವಾಯಿ ಮಾಧೋಪುರ ಸ್ಟೇಷನ್‌ನಲ್ಲಿ ಇಳಿದು ಒಂದು ಜೀಪ್ ಹಿಡಿದ್ರೆ ಸಾಕು.

ನಾನು ಹೋದಾಗ ಜೀಪಲ್ಲಿ ನನ್ನ ಜೊತೆ ಇದ್ದವರೆಲ್ಲ ಕೋಟೆ ನೋಡೋಕೆ ಬಂದವರಲ್ಲ, ತ್ರಿನೇತ್ರ ಗಣೇಶನ ಭಕ್ತರು. ಕೋಟೆಯೊಳಗಿನ ಈ ಗಣಪನಿಗೆ ಮದುವೆಯ ಮೊದಲ ಲಗ್ನಪತ್ರಿಕೆ ಕಳಿಸೋದು ಆ ಕಡೆ ಪದ್ಧತಿ. ಬರೋಕಾಗದವರು ಅಂಚೆಯಲ್ಲಿ ಹಾಕ್ತಾರೆ, ಪೋಸ್ಟ್‌ಮ್ಯಾನ್ ಬೆಟ್ಟ ಹತ್ತಿ ತಲುಪಿಸ್ತಾನೆ. ವಾಟ್ಸಾಪ್ ಕಾಲದಲ್ಲೂ ಇದು ನಿಂತಿಲ್ಲ.

ಮೆಟ್ಟಿಲು ಹತ್ತುತ್ತಾ ಒಂದಾದ ಮೇಲೊಂದು ಬಾಗಿಲು ದಾಟಬೇಕು. ದಾರಿ ತಿರುಗಿ ತಿರುಗಿ ಹೋಗುತ್ತೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದೋಕೆ ಜಾಗವೇ ಸಿಗಬಾರದು ಅನ್ನೋದು ಲೆಕ್ಕ. ಮೇಲೆ ಹಮ್ಮೀರನ ಅರಮನೆ, 32 ಕಂಬಗಳ ಛತ್ರಿ, ಕೆರೆಗಳು, ಜೈನ ಬಸದಿ, ದರ್ಗಾ. ಕೆಲವು ಗಟ್ಟಿಯಾಗಿವೆ, ಬಹಳಷ್ಟು ಕಡೆ ಬರೀ ಗೋಡೆ ಉಳಿದಿದೆ. 2013ರಲ್ಲಿ ರಾಜಸ್ಥಾನದ ಆರು ಬೆಟ್ಟದ ಕೋಟೆಗಳು ಯುನೆಸ್ಕೋ ಪಟ್ಟಿ ಸೇರಿದವಲ್ಲ, ಅದರಲ್ಲಿ ಇದೂ ಒಂದು.

ಈ ಕೋಟೆಯ ದೊಡ್ಡ ಕಥೆ 1301ರದ್ದು. ಅಲ್ಲಾವುದ್ದೀನ್ ಖಿಲ್ಜಿಯ ಸೈನ್ಯದಲ್ಲಿ ದಂಗೆ ಎದ್ದ ಕೆಲ ಮಂಗೋಲರು ಓಡಿಬಂದು ಚೌಹಾಣ ರಾಜ ಹಮ್ಮೀರನ ಹತ್ರ ಆಶ್ರಯ ಕೇಳಿದ್ರು. ಅವನು ಕೊಟ್ಟ, ಆಮೇಲೆ ಬಿಟ್ಟುಕೊಡಲಿಲ್ಲ. ಖಿಲ್ಜಿಯ ಸೇನಾಪತಿ ನುಸ್ರತ್ ಖಾನ್ ಕೋಟೆಯಿಂದ ಬಂದ ಕಲ್ಲೇಟಿಗೆ ಸತ್ತ. ಕೊನೆಗೆ ಸುಲ್ತಾನನೇ ಬಂದು ಮುತ್ತಿಗೆ ಹಾಕಿದ. ಒಳಗಿನವರನ್ನ ಸೋಲಿಸಿದ್ದು ಹಸಿವು. ಚಿನ್ನ ಕೊಡ್ತೀನಿ ಅಂದ್ರೂ ಕಾಳು ಸಿಗದ ಸ್ಥಿತಿ ಬಂತು ಅಂತ ಅಮೀರ್ ಖುಸ್ರೋ ಬರೆದಿದ್ದಾನೆ. ಬಿಕಾಂ ಓದಿದವನಿಗೆ ಇದು ಅರ್ಥ ಆಗೋಕೆ ಕಷ್ಟ ಇಲ್ಲ: ಖಜಾನೆ ತುಂಬಿದೆ, ಮಾರ್ಕೆಟ್ಟೇ ಇಲ್ಲ. ಹೆಂಗಸರು ಜೌಹರ್ ಮಾಡಿಕೊಂಡ್ರು, ಗಂಡಸರು ಹೋರಾಡಿ ಸತ್ತರು. ಇದೇ ಖಿಲ್ಜಿಯ ಸೇನಾಪತಿ ಮಲಿಕ್ ಕಾಫರ್ ಹತ್ತೇ ವರ್ಷದಲ್ಲಿ, 1311ಕ್ಕೆ, ನಮ್ಮ ದೋರಸಮುದ್ರದ ಬಾಗಿಲಿಗೆ ಬಂದಿದ್ದ.

ಸರಿ, ಕಾಡಿನ ವಿಷಯಕ್ಕೆ ಬರೋಣ. ಮುಂದೆ ಇದು ಜೈಪುರದ ರಾಜರ ಬೇಟೆ ಕಾಡಾಯ್ತು. 1961ರಲ್ಲಿ ಎಲಿಜಬೆತ್ ರಾಣಿ ಜೊತೆ ಬಂದ ಪ್ರಿನ್ಸ್ ಫಿಲಿಪ್ ಇಲ್ಲಿ ಹುಲಿ ಹೊಡೆದರು. 1973ರಲ್ಲಿ ನಮ್ಮ ಬಂಡೀಪುರದ ಜೊತೆಗೇ ಇದೂ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳ ಪಟ್ಟಿಗೆ ಸೇರಿತು. 1980ಕ್ಕೆ ರಾಷ್ಟ್ರೀಯ ಉದ್ಯಾನ.

ಮೇಲಿನ ಗೋಡೆ ಹತ್ರ ನಿಂತ್ರೆ ಕೆಳಗೆ ಪದಂ ತಲಾಬ್ ಕಾಣುತ್ತೆ. ಆಗ ಒಂದು ವಿಷಯ ಹೊಳೀತು. ರಾಜನಿಗೆ ಈ ಜಾಗ ಯಾಕೆ ಬೇಕಿತ್ತೋ, ಹುಲಿಗೂ ಅದಕ್ಕೇ ಬೇಕು. ಸುತ್ತ ಕಡಿದಾದ ಬಂಡೆ, ಬೇಸಿಗೆಯಲ್ಲೂ ನೀರು, ನೆರಳು, ಅಡಗೋಕೆ ಮೂಲೆ. ಪಾಳುಬಿದ್ದ ಮಂಟಪ ನಮಗೆ ಸೆಲ್ಫಿ ಸ್ಪಾಟ್, ಅದಕ್ಕೆ ತಂಪಾದ ರೂಮು. ಕೋಟೆ ಪಾಳು ಬಿದ್ದಿದೆ ಅಂತೀವಿ, ಖಾಲಿ ಬಿದ್ದಿದೆ ಅನ್ನೋಕಾಗಲ್ಲ.

2025ರ ಏಪ್ರಿಲ್‌ನಲ್ಲಿ ಗಣೇಶನ ದರ್ಶನ ಮುಗಿಸಿ ವಾಪಸ್ ಬರ್ತಿದ್ದ ಏಳು ವರ್ಷದ ಹುಡುಗನನ್ನ ಹುಲಿ ಕೊಂದಿತು. ಮೇ ತಿಂಗಳಲ್ಲಿ ಒಬ್ಬ ಅರಣ್ಯಾಧಿಕಾರಿ, ಜೂನ್‌ನಲ್ಲಿ ಕೋಟೆಯ ಜೈನ ಬಸದಿಯ ಕಾವಲುಗಾರ. ಎರಡು ತಿಂಗಳಲ್ಲಿ ಮೂರು ಸಾವು. ಏರೋಹೆಡ್ ಅನ್ನೋ ಹೆಣ್ಣುಹುಲಿ ಕಾಯಿಲೆಯಿಂದ ಬೇಟೆಯಾಡೋಕೆ ಆಗದೆ ಇದ್ದಾಗ ಅದಕ್ಕೂ ಮರಿಗಳಿಗೂ ಪ್ರಾಣಿಗಳನ್ನ ತಂದು ಕೊಡ್ತಿದ್ರು, ಅದರಿಂದ ಮರಿಗಳಿಗೆ ಮನುಷ್ಯರ ಭಯ ಹೋಯ್ತು ಅಂತ ಆಗ ವರದಿಗಳು ಬಂದವು. ಅದರ ಮಗಳು ಕನಕಟಿಯನ್ನ ಜೂನ್‌ನಲ್ಲಿ ಮುಕುಂದರಾ ಕಾಡಿಗೆ ಸಾಗಿಸಿದ್ರು. ಅದೇ ದಿನ ತಾಯಿ ಸತ್ತಿತು.

ತಪ್ಪು ಹುಲಿಯದ್ದು ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ. ಭಕ್ತರದ್ದು ಅಂತಲೂ ಹೇಳಲಾರೆ. ಆದರೆ ವ್ಯವಸ್ಥೆ ವಿಚಿತ್ರವಾಗಿದೆ. ಮಳೆಗಾಲದ ಮೂರು ತಿಂಗಳು ಮುಖ್ಯ ವಲಯಗಳಲ್ಲಿ ಸಫಾರಿ ಬಂದ್. ಅದೇ ಹೊತ್ತಿಗೆ ಗಣೇಶ ಚೌತಿ ಜಾತ್ರೆ ಬರುತ್ತೆ, ಲಕ್ಷಗಟ್ಟಲೆ ಜನ ಅದೇ ಕಾಡಿನ ರಸ್ತೆಯಲ್ಲಿ ನಡೆದು ಹೋಗ್ತಾರೆ. ಜಿಪ್ಸಿಯಲ್ಲಿ ಕೂತವನಿಗೆ ಸೀಟಿನ ಲೆಕ್ಕ, ಟೈಮಿನ ಲೆಕ್ಕ, ಗೈಡ್ ಕಡ್ಡಾಯ. ನಡೆದು ಹೋಗೋ ಮಗುವಿಗೆ ಇದ್ಯಾವುದೂ ಇಲ್ಲ. ಜನರ ಸಂಖ್ಯೆಗೆ ಮಿತಿ ಹಾಕಿ, ಕಾಡಿನ ರಸ್ತೆಗೆ ಬಸ್ ಮಾತ್ರ ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ. ಸುಲಭ ಅಲ್ಲ, ಗೊತ್ತು.

ನೀವು ಹೋಗೋದಾದ್ರೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೋಗಿ. ಕೋಟೆ ಬುಡದವರೆಗೂ ಗಾಡಿಯಲ್ಲೇ ಹೋಗಿ, ಮಧ್ಯದಲ್ಲಿ ಫೋಟೋಗೆ ಅಂತ ಇಳಿಯಬೇಡಿ. ಮೇಲೆ ಜನ ಓಡಾಡೋ ದಾರಿ ಬಿಟ್ಟು ಪಾಳು ಕಟ್ಟಡಗಳ ಒಳಗೆ ನುಗ್ಗಬೇಡಿ, ಮಕ್ಕಳ ಕೈ ಬಿಡಬೇಡಿ. ಲಂಗೂರ್ ಕೋತಿಗಳು ಇದ್ದಕ್ಕಿದ್ದಂತೆ ಕಿರುಚೋಕೆ ಶುರು ಮಾಡಿದ್ರೆ ಇಯರ್‌ಫೋನ್ ತೆಗೀರಿ, ಹೌದು, ನನ್ನ ಪಾಡ್‌ಕಾಸ್ಟ್ ಓಡ್ತಿದ್ರೂ ಸರಿ. ಸಂಜೆ ಕತ್ತಲಾಗೋ ಮುಂಚೆ ಕೆಳಗಿಳಿದು ಜೀಪ್ ಹತ್ತಿಬಿಡಿ.